ಕಾಂಪೌಂಡ್ ಬಿಲ್ಲಿನ ಕೇಬಲ್ ವಿನ್ಯಾಸಗಳು: ಗುರುತಿಸುವುದು, ಆಯ್ದುಕೊಳ್ಳುವುದು, ಸರಿಹೊಂದಿಸುವುದು

2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಚಕ್ರಗಳೂ ಅವುಗಳ ನಡುವೆ ಕೇಬಲ್‌ಗಳೂ ಇರುವ ಬಿಲ್ಲು) ಐದೂ ಚಿನ್ನದ ಪದಕಗಳು ಭಾರತದ ಪಾಲಾದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಮೊದಲ ಬಾರಿಗೆ ನಡೆಯಲಿದೆ. ಈ ಎರಡು ಸುದ್ದಿಗಳ ನಂತರ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪಾಲಕರು ಕೇಳುವ ಪ್ರಶ್ನೆಗಳ ಸ್ವರೂಪವೇ ಬದಲಾಗಿದೆ. ಮೊದಲು ಬೆಲೆಯನ್ನಷ್ಟೇ ವಿಚಾರಿಸುತ್ತಿದ್ದವರು ಈಗ "ಸರ್, ರಾಡ್ ಇದ್ದದ್ದು ತೊಗೋಬೇಕೋ, ರೋಲರ್ ಇದ್ದದ್ದು ತೊಗೋಬೇಕೋ ಹೇಳ್ರಿ" ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಕೇಬಲನ್ನು ಪಕ್ಕಕ್ಕೆ ಹಿಡಿದಿಡುವ ರಾಡ್ (ಕಡ್ಡಿ) ಮತ್ತು ರೋಲರ್ (ಗಾಲಿ) ಕೇಬಲ್ ವ್ಯವಸ್ಥೆಯ ಒಂದು ಭಾಗ ಮಾತ್ರ. ಕೇಬಲ್ ಎಲ್ಲಿಂದ ಹೊರಟು ಎಲ್ಲಿ ಕೊನೆಗೊಳ್ಳುತ್ತದೆ, ಅದರ ತುದಿ ಒಂದಾಗಿಯೇ ಉಳಿಯುತ್ತದೆಯೋ ಎರಡಾಗಿ ಕವಲೊಡೆಯುತ್ತದೆಯೋ, ಬಾಣದ ದಾರಿಯಿಂದ ಅದನ್ನು ಪಕ್ಕಕ್ಕೆ ಸರಿಸುವ ಸಾಧನ ಯಾವುದು, ಈ ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಆಯ್ಕೆಗೆ ಅರ್ಥ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಬಿಲ್ಲುಗಾರನು ಕೇಬಲ್ ವಿನ್ಯಾಸವನ್ನು ವೇಗದ ಅಂಕಿಗಳನ್ನು ನೋಡಿ ಆರಿಸಬಾರದು. ಬಿಲ್ಲು ಹದ ತಪ್ಪಿದ ದಿನ ಅದನ್ನು ಯಾರು, ಎಲ್ಲಿ, ಯಾವ ಸಲಕರಣೆಯಿಂದ ಸರಿಪಡಿಸುತ್ತಾರೆ ಎಂಬುದನ್ನು ಯೋಚಿಸಿ ಆರಿಸಬೇಕು. ಕೇಬಲ್‌ಗಳ ಕುರಿತು ಓದಲು ಸಿಗುವ ಬರಹಗಳಲ್ಲಿ ಬಹುಪಾಲು ಅಮೆರಿಕದ ಬೇಟೆಗಾರರಿಗಾಗಿ ಬರೆದವು; ಅವರಿಗೆ ವೇಗವೂ ಸದ್ದಡಗಿದ ಹೊಡೆತವೂ ಮುಖ್ಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬೇಟೆ ನಿಷಿದ್ಧವಾಗಿದೆ. ನಮ್ಮ ಗುರಿ 50 ಮೀಟರ್ ದೂರದಲ್ಲಿ ನಿಂತ 80 ಸೆಂಟಿಮೀಟರ್ ವ್ಯಾಸದ ಗುರಿಹಾಳೆ. ಅದರ ಹತ್ತು ಅಂಕದ ವೃತ್ತಕ್ಕೆ ಇರುವುದು ಕೇವಲ 8 ಸೆಂಟಿಮೀಟರ್ ವ್ಯಾಸ. ಅಲ್ಲಿ ಬೇಕಾಗುವುದು ಒಂದೇ ಬಗೆಯ ಹೊಡೆತವನ್ನು ಬೆಳಗಿನಿಂದ ಸಂಜೆಯವರೆಗೆ ಮತ್ತೆ ಮತ್ತೆ ಕೊಡುವ ಬಿಲ್ಲು.

ಕೇಬಲ್ ಮಾಡುವ ಕೆಲಸ

ಅಮೆರಿಕದ ಮಿಸ್ಸೂರಿಯ ಹೋಲಿಸ್ ವಿಲ್ಬರ್ ಆಲನ್ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಹಕ್ಕುಪತ್ರ ಪಡೆದ ಬಿಲ್ಲಿನಿಂದ ಇಂದಿನವರೆಗೂ ಮೂಲ ತತ್ವ ಒಂದೇ. ಲಿಂಬ್‌ಗಳ (ಬಿಲ್ಲಿನ ಬಾಗುವ ಎರಡು ತೋಳುಗಳ) ತುದಿಯಲ್ಲಿ ಅಚ್ಚಿಗೆ ಸಿಕ್ಕಿಸಿದ ಕ್ಯಾಮ್‌ಗಳಿವೆ, ಅಂದರೆ ತಿರುಗುವ ವಿಶೇಷ ಆಕಾರದ ಚಕ್ರಗಳಿವೆ. ಹೆದೆಯನ್ನು ಎಳೆದಾಗ ಕ್ಯಾಮ್ ತಿರುಗಿ ಹೆದೆಯನ್ನು ಬಿಚ್ಚುತ್ತದೆ ಮತ್ತು ಅದೇ ವೇಳೆಗೆ ಕೇಬಲನ್ನು ತನ್ನ ಮೇಲೆ ಸುತ್ತಿಕೊಳ್ಳುತ್ತದೆ. ಕೇಬಲ್ ಸುತ್ತಿಕೊಂಡಷ್ಟೂ ಎರಡು ಲಿಂಬ್‌ಗಳ ತುದಿಗಳು ಹತ್ತಿರಕ್ಕೆ ಬಾಗುತ್ತವೆ.

ಇದರಿಂದ ಒಂದು ಮುಖ್ಯ ಪರಿಣಾಮ ಉಂಟಾಗುತ್ತದೆ. ಬಿಲ್ಲು ಸುಮ್ಮನೆ ನಿಂತಾಗ ಲಿಂಬ್‌ಗಳ ಸೆಳೆತದಲ್ಲಿ ಹೆದೆಯ ಪಾಲು ದೊಡ್ಡದು. ಪೂರ್ತಿ ಎಳೆದು ಹಿಡಿದಾಗ ಹೆದೆಯ ಪಾಲು ಕುಗ್ಗಿ ಕೇಬಲ್‌ಗಳ ಪಾಲು ಹಿಗ್ಗುತ್ತದೆ. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಆರ್ಚರಿ ನಿಯಮದ ಗರಿಷ್ಠ ಮಿತಿಯಾದ 60 ಪೌಂಡಿನ ಬಿಲ್ಲಿಗೆ 65 ಶೇಕಡಾ ಲೆಟ್-ಆಫ್ (ಪೂರ್ತಿ ಎಳೆದಾಗ ಕೈಯ ಹೊರೆ ತಗ್ಗುವ ಪ್ರಮಾಣ) ಇದ್ದರೆ ಕೊನೆಯಲ್ಲಿ ಬೆರಳಿನ ಮೇಲೆ ಉಳಿಯುವುದು 21 ಪೌಂಡು. 80 ಶೇಕಡಾ ಇದ್ದರೆ 12 ಪೌಂಡು ಮಾತ್ರ. ಉಳಿದ ಹೊರೆ ಎಲ್ಲಿಯೂ ಮಾಯವಾಗಿಲ್ಲ, ಕೇಬಲ್‌ಗಳ ಮೇಲೆ ಕುಳಿತಿದೆ. ಆ ಕೇಬಲ್‌ಗಳೋ ಬಾಣಕ್ಕೆ ದಾರಿ ಬಿಡಬೇಕಾದ್ದರಿಂದ ನಡುಗೆರೆಯಿಂದ ಒಂದು ಪಕ್ಕಕ್ಕೆ ಎಳೆಯಲ್ಪಟ್ಟಿವೆ. ಒಂದೇ ಬದಿಗೆ ಜೋಳದ ಚೀಲ ಹೇರಿದ ಬಂಡಿಯ ಅಚ್ಚು ಹೇಗೆ ವಾಲುತ್ತದೆಯೋ ಹಾಗೆ ಕ್ಯಾಮ್ ಕೂಡ ಆ ಪಕ್ಕಕ್ಕೆ ವಾಲುತ್ತದೆ, ರೈಸರ್ (ಹಿಡಿ ಇರುವ ನಡುಭಾಗ) ಕೂಡ ಅಂಗೈಯೊಳಗೆ ತುಸು ತಿರುಚಿಕೊಳ್ಳುತ್ತದೆ. ಬಿಟ್ಟ ಬಾಣ ಹೊರಡುವ ಕ್ಷಣದಲ್ಲಿ ಈ ಹೊರೆ ಮತ್ತೆ ಕೇಬಲಿನಿಂದ ಹೆದೆಗೆ ಬದಲಾಗುತ್ತದೆ, ವಾಲಿದ ಕ್ಯಾಮ್ ನೆಟ್ಟಗಾಗುತ್ತದೆ, ಹೆದೆಯ ದಾರಿ ಆ ಚಲನೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಮುಂದೆ ವಿವರಿಸುವ ಬೇರೆ ಬೇರೆ ಕೇಬಲ್ ವಿನ್ಯಾಸಗಳಲ್ಲಿ ಹೆಚ್ಚಿನವು ಈ ಪಕ್ಕದ ಸೆಳೆತವನ್ನು ಹೇಗೆ ನಿಭಾಯಿಸಬೇಕು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳೇ.

ಮೊದಲ ಹೆಜ್ಜೆ: ನಿಮ್ಮ ಬಿಲ್ಲಿನಲ್ಲಿ ಏನಿದೆ ಎಂದು ಗುರುತಿಸಿ

ಬಿಲ್ಲನ್ನು ಮೇಜಿನ ಮೇಲೆ ಮಲಗಿಸಿ ಪ್ರತಿ ಕೇಬಲಿನ ಎರಡೂ ತುದಿಗಳನ್ನು ಕಣ್ಣಿನಿಂದ ಹಿಂಬಾಲಿಸಿ. ಎರಡು ಕೇಬಲ್‌ಗಳೂ ಒಂದು ಕ್ಯಾಮ್‌ನಿಂದ ಹೊರಟು ಎದುರು ಲಿಂಬಿನ ಅಚ್ಚಿನ ಹತ್ತಿರ ಎರಡು ಕಾಲುಗಳಾಗಿ ಕವಲೊಡೆದು ಅಚ್ಚಿನ ಎರಡೂ ತುದಿಗಳಿಗೆ ಸಿಕ್ಕಿಕೊಂಡಿದ್ದರೆ ಅದು ಯೋಕ್ (ಈ ಕವಲಿನ ಹೆಸರು) ಇರುವ ಜೋಡಿ ಕ್ಯಾಮ್ ಬಿಲ್ಲು. ಮೇಲಿನ ಅಚ್ಚಿಗೆ ಮಾತ್ರ ಯೋಕ್ ಇದ್ದು, ಇನ್ನೊಂದು ಕೇಬಲ್ ಎರಡೂ ಕ್ಯಾಮ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕಿದ್ದರೆ ಅದು ಹೈಬ್ರಿಡ್. ಎಲ್ಲಿಯೂ ಯೋಕ್ ಇಲ್ಲದೆ ಎರಡು ಕೇಬಲ್‌ಗಳೂ ಕ್ಯಾಮ್‌ನಿಂದ ಕ್ಯಾಮ್‌ಗೆ ಹೋಗಿದ್ದರೆ ಅದು ಬೈನರಿ. ಕೆಳಗೆ ಒಂದೇ ಕ್ಯಾಮ್ ಇದ್ದು ಮೇಲೆ ಬರಿಯ ಚಕ್ರವಿದ್ದರೆ ಅದು ಒಂಟಿ ಕ್ಯಾಮ್. 1992ರಲ್ಲಿ ಮ್ಯಾಥ್ಯೂಸ್ ಸಂಸ್ಥೆ ಜನಪ್ರಿಯಗೊಳಿಸಿದ ಈ ಬಗೆ ಇಂದು ಗುರಿ ಸ್ಪರ್ಧೆಯಲ್ಲಿ ವಿರಳ. ಹಳೆಯ ಬಿಲ್ಲೊಂದು ಪರಿಚಿತರಿಂದ ಕೈಗೆ ಬಂದಿದ್ದು ಅದರಲ್ಲಿ ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲ್ ಇದ್ದರೆ ಅದನ್ನು ಅಭ್ಯಾಸಕ್ಕೂ ಬಳಸದಿರುವುದು ಲೇಸು. ಉಕ್ಕು ಹಿಗ್ಗುವುದಿಲ್ಲ ನಿಜ, ಆದರೆ ಹೊದಿಕೆಯ ಒಳಗೆ ಎಳೆ ಎಳೆಯಾಗಿ ಹರಿಯುವುದು ಹೊರಗೆ ಕಾಣುವುದಿಲ್ಲ.

ನಂತರ ಪಕ್ಕಕ್ಕೆ ಸರಿಸುವ ಸಾಧನವನ್ನು, ಅಂದರೆ ಕೇಬಲ್ ಗಾರ್ಡನ್ನು, ನೋಡಿ. ಉದ್ದನೆಯ ಕಡ್ಡಿಯ ಮೇಲೆ ಪ್ಲಾಸ್ಟಿಕ್ ಸ್ಲೈಡ್ ಜಾರುತ್ತದೆಯೇ? ಸಣ್ಣ ಗಾಲಿಗಳ ತೋಡಿನಲ್ಲಿ ಕೇಬಲ್ ಓಡುತ್ತದೆಯೇ? ಆ ಕಡ್ಡಿ ಅಥವಾ ತೋಳು ಎಳೆಯುವಾಗ ಒಳಕ್ಕೆ ಬಾಗುತ್ತದೆಯೇ? ಕಾಣುವುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಅದೇ ಪುಟದಲ್ಲಿ ಅಚ್ಚಿನಿಂದ ಅಚ್ಚಿಗೆ ಇರುವ ದೂರ, ಬ್ರೇಸ್ ಹೈಟ್ (ಹಿಡಿಯಿಂದ ಹೆದೆಗಿರುವ ದೂರ), ತಕ್ಕಡಿಯಲ್ಲಿ ತೂಗಿದ ಗರಿಷ್ಠ ಸೆಳೆತ, ಲಿಂಬ್ ಬೋಲ್ಟ್‌ಗಳ ಸುತ್ತುಗಳು, ಎಲ್ಲವನ್ನೂ ನಮೂದಿಸಿ. ಕ್ಯಾಮ್ ಮೇಲೆ ಕೇಬಲ್ ಬಿಟ್ಟು ಹೊರಡುವ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಸಣ್ಣ ಗೆರೆ ಎಳೆಯಿರಿ. ಬಿಲ್ಲು ಚೆನ್ನಾಗಿರುವಾಗ ಮಾಡಿದ ಈ ಗುರುತುಗಳು ಮುಂದೆ ಅದು ಕೆಟ್ಟಾಗ ದಾರಿ ತೋರಿಸುತ್ತವೆ.

ಎರಡನೆಯ ಹೆಜ್ಜೆ: ಕೇಬಲ್ ತುದಿಯ ವಿನ್ಯಾಸವನ್ನು ತೂಗಿ ನೋಡಿ

ಯೋಕ್‌ನ ದೊಡ್ಡ ಗುಣವೆಂದರೆ ಹೊರೆಯನ್ನು ಅಚ್ಚಿನ ಎರಡೂ ತುದಿಗಳಿಗೆ ಹಂಚುವುದು ಮತ್ತು ಆ ಹಂಚಿಕೆಯನ್ನು ನಾವೇ ಬದಲಾಯಿಸಲು ಅವಕಾಶ ಕೊಡುವುದು. ಯೋಕ್‌ನ ಎಡಗಾಲಿಗೆ ಅರ್ಧ ಸುತ್ತು ಹುರಿ (ತಿರುಚು; ಇದರಿಂದ ಆ ಕಾಲು ಗಿಡ್ಡವಾಗುತ್ತದೆ) ಸೇರಿಸಿ ಬಲಗಾಲಿನಿಂದ ಅರ್ಧ ಸುತ್ತು ಬಿಚ್ಚಿದರೆ ಕೇಬಲಿನ ಒಟ್ಟು ಉದ್ದ ಹೆಚ್ಚುಕಡಿಮೆ ಹಾಗೆಯೇ ಉಳಿದು ಕ್ಯಾಮ್ ವಾಲಿಕೆ ಮಾತ್ರ ಬದಲಾಗುತ್ತದೆ. ಹುರಿ ಹಾಕಲು ಹಣ ಖರ್ಚಾಗುವುದಿಲ್ಲ, ಬಿಡಿಭಾಗ ತರಿಸಬೇಕಿಲ್ಲ, ತಪ್ಪಿದರೆ ಬಿಚ್ಚಿ ಮೊದಲಿನಂತೆ ಮಾಡಬಹುದು. ಕೊರತೆಯೂ ಅಲ್ಲಿಂದಲೇ ಹುಟ್ಟುತ್ತದೆ. ಯೋಕ್‌ನ ಎರಡು ಕಾಲುಗಳು ಸಮನಾಗಿ ಹಿಗ್ಗದಿದ್ದರೆ ಒಮ್ಮೆ ಹೊಂದಿಸಿದ್ದು ಕೆಲವು ವಾರಗಳಲ್ಲಿ ತಾನಾಗಿ ಸರಿದುಬಿಡುತ್ತದೆ. ಜೋಡಿ ಕ್ಯಾಮ್ ಬಿಲ್ಲಿನಲ್ಲಿ ನಾಲ್ಕು ಕಾಲುಗಳಿರುವುದರಿಂದ ಎರಡೂ ಕ್ಯಾಮ್‌ಗಳನ್ನು ಬೇರೆ ಬೇರೆಯಾಗಿ ತಿದ್ದುವ ಅನುಕೂಲವಿದೆ. ಹಿಗ್ಗಬಲ್ಲ ಜಾಗಗಳೂ ಅಷ್ಟೇ ಹೆಚ್ಚಾಗುತ್ತವೆ. ಹೈಬ್ರಿಡ್‌ನಲ್ಲಿ ಮೇಲಿನ ಕ್ಯಾಮ್ ಮಾತ್ರ ಹೀಗೆ ತಿದ್ದಲು ಸಿಗುತ್ತದೆ, ಕೆಳಗಿನದಕ್ಕೆ ಬೇರೆ ಉಪಾಯ ಬೇಕು.

ಕೆಲವು ಬಿಲ್ಲುಗಳಲ್ಲಿ ತೇಲುವ ಯೋಕ್ ಇರುತ್ತದೆ. ಇಲ್ಲಿ ಕವಲು ಬೇರೆಯೇ ತುಂಡಾಗಿದ್ದು ಮುಖ್ಯ ಕೇಬಲಿನ ಕುಣಿಕೆಯಲ್ಲಿ ಜಾರುತ್ತ ತಾನಾಗಿ ಹೊರೆಯನ್ನು ಸಮ ಮಾಡಿಕೊಳ್ಳುತ್ತದೆ. ಇದರ ಒಂದು ಕಾಲಿಗೆ ಹುರಿ ಹಾಕಿದರೆ ಕುಣಿಕೆ ಅತ್ತ ಸರಿಯುವುದೇ ಹೊರತು ಕ್ಯಾಮ್ ವಾಲಿಕೆ ಬದಲಾಗುವುದಿಲ್ಲ. ಯೋಕ್ ಕಂಡ ಕೂಡಲೇ ಹುರಿ ಹಾಕಲು ಹೊರಡುವವರು ಇದನ್ನು ಮೊದಲು ಪರೀಕ್ಷಿಸಬೇಕು.

ಬೈನರಿ ವಿನ್ಯಾಸವನ್ನು 2000ದ ದಶಕದ ನಡುವಿನಲ್ಲಿ ಬೌಟೆಕ್ ಸಂಸ್ಥೆ ಮಾರುಕಟ್ಟೆಗೆ ತಂದಿತು. ಎರಡು ಕ್ಯಾಮ್‌ಗಳು ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ ಒಂದು ಮುಂದೆ ಓಡಿ ಇನ್ನೊಂದು ಹಿಂದೆ ಬೀಳುವ ತೊಂದರೆ ಬಹಳ ಕಡಿಮೆ. ಕೇಬಲ್ ಸ್ವಲ್ಪ ಹಿಗ್ಗಿದರೂ ಎರಡೂ ಕ್ಯಾಮ್‌ಗಳು ಬಹುಮಟ್ಟಿಗೆ ಜೊತೆಯಾಗಿಯೇ ಸರಿಯುತ್ತವೆ, ಆದ್ದರಿಂದ ಬಾಣದ ಮೇಲುಕೆಳಗಿನ ದಾರಿ ಕೆಡುವುದಿಲ್ಲ. ನನ್ನ ದೃಷ್ಟಿಯಲ್ಲಿ ದೂರದ ಊರಿನ ಬಿಲ್ಲುಗಾರನಿಗೆ ಇದು ದೊಡ್ಡ ನೆಮ್ಮದಿ. ಪಕ್ಕದ ತಿದ್ದುಪಡಿಯಲ್ಲಿ ಮಾತ್ರ ಕಷ್ಟವಿದೆ. ಯೋಕ್ ಇಲ್ಲದ ಕಾರಣ ಅಚ್ಚನ್ನು ಹೊರಗೆ ತೆಗೆದು, ಕ್ಯಾಮ್‌ನ ಎರಡು ಬದಿಯ ತೆಳು ಬಿಲ್ಲೆಗಳನ್ನು ಅದಲುಬದಲು ಮಾಡಿ ಕ್ಯಾಮನ್ನೇ ಎಡಕ್ಕೋ ಬಲಕ್ಕೋ ಸರಿಸಬೇಕು. ಆ ಬಿಲ್ಲೆಗಳು ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಷರ್‌ಗಳಂತಲ್ಲ, ತಯಾರಕರು ಕೊಟ್ಟ ದಪ್ಪದವೇ ಆಗಬೇಕು.

ಈ ತೊಡಕನ್ನು ಬಿಡಿಸಲು ಈಚಿನ ಕೆಲವು ಬಿಲ್ಲುಗಳಲ್ಲಿ ತಿರುಪಿನ ವ್ಯವಸ್ಥೆ ಬಂದಿದೆ. ಬೌಟೆಕ್‌ನ ಡೆಡ್‌ಲಾಕ್ ವ್ಯವಸ್ಥೆಯಲ್ಲಿ ಅಲೆನ್ ಕೀಲಿಯಿಂದ ಕ್ಯಾಮನ್ನು ಅಚ್ಚಿನ ಮೇಲೆಯೇ ಪಕ್ಕಕ್ಕೆ ಸರಿಸಬಹುದು. ಎಲೀಟ್ ಸಂಸ್ಥೆಯ ಎಸ್.ಇ.ಟಿ. ವ್ಯವಸ್ಥೆಯಲ್ಲಿ ಲಿಂಬ್ ಕೂರುವ ಗೂಡಿನ ಕೋನವನ್ನು ಬದಲಾಯಿಸಬಹುದು. ಎರಡಕ್ಕೂ ಬೋ ಪ್ರೆಸ್ (ಲಿಂಬ್‌ಗಳನ್ನು ಒತ್ತಿ ಹೆದೆ, ಕೇಬಲ್‌ಗಳನ್ನು ಸಡಿಲಿಸುವ ಸಾಧನ) ಬೇಕಿಲ್ಲ. ಬೆಲೆ ಹೆಚ್ಚು ಎಂಬುದು ನಿಜ. ಆದರೂ ಹತ್ತಿರದಲ್ಲಿ ಪ್ರೆಸ್ ಇಲ್ಲದ ಊರಿನಲ್ಲಿ, ಪ್ರತಿ ಸಣ್ಣ ತಿದ್ದುಪಡಿಗೂ ಬಿಲ್ಲನ್ನು ರೈಲಿನಲ್ಲಿ ಹೊತ್ತು ದೊಡ್ಡ ನಗರಕ್ಕೆ ಹೋಗಿ ಬರುವ ಖರ್ಚನ್ನೂ ತಪ್ಪಿದ ಅಭ್ಯಾಸವನ್ನೂ ಲೆಕ್ಕ ಹಾಕಿದರೆ ಆ ಹೆಚ್ಚಿನ ಬೆಲೆಗೆ ಅರ್ಥವಿದೆ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ಹಾದಿ ಶೂಟ್-ಥ್ರೂ ವಿನ್ಯಾಸದ್ದು. ಇದರಲ್ಲಿ ಕೇಬಲ್‌ಗಳು ಎರಡಾಗಿ ಸೀಳಿ ಬಾಣದ ಎಡಬಲಗಳಲ್ಲಿ ಸಮದೂರದಲ್ಲಿ ಸಾಗುತ್ತವೆ, ಬಾಣ ಅವುಗಳ ನಡುವಿನಿಂದ ಹೊರಡುತ್ತದೆ. ಪಕ್ಕಕ್ಕೆ ಎಳೆಯುವ ಸಾಧನವೇ ಬೇಡವಾದ್ದರಿಂದ ಪಕ್ಕದ ಸೆಳೆತವೂ ಇಲ್ಲ, ಜಾರುವ ಘರ್ಷಣೆಯೂ ಇಲ್ಲ. ತತ್ವದ ಮಟ್ಟದಲ್ಲಿ ಇದಕ್ಕಿಂತ ಶುದ್ಧವಾದ ಉತ್ತರವಿಲ್ಲ. ಬಳಕೆಯಲ್ಲಿ ಮಾತ್ರ ತೊಡಕುಗಳು ಹಲವು: ಬಾಣದ ವೇನ್‌ಗಳು (ಹಿಂಬದಿಯ ಗರಿಗಳು) ಇಕ್ಕಟ್ಟಾದ ಕಿಂಡಿಯಲ್ಲಿ ಹಾಯಬೇಕು, ಒಂದು ಕಡೆಯ ಕೇಬಲ್ ಬಿಲ್ಲು ಹಿಡಿದ ತೋಳಿಗೆ ಹತ್ತಿರ ಬರುತ್ತದೆ, ಕೇಬಲ್‌ಗಳ ಕಟ್ಟುವಿಕೆ ಜಟಿಲವಾಗಿದ್ದು ಬದಲಿ ಸಿಗುವುದು ಕಷ್ಟ. ವರ್ಲ್ಡ್ ಆರ್ಚರಿ ನಿಯಮ ಸೀಳಿದ ಕೇಬಲ್‌ಗಳನ್ನು ಒಪ್ಪುತ್ತದೆ. ಅವು ಬಿಲ್ಲುಗಾರನ ಕೈ, ಮಣಿಕಟ್ಟು ಅಥವಾ ಬಿಲ್ಲು ಹಿಡಿದ ತೋಳಿಗೆ ಪದೇ ಪದೇ ತಾಗಬಾರದು ಎಂಬ ಷರತ್ತನ್ನೂ ಹಾಕುತ್ತದೆ. ಅನುಭವಿಗಳು ಪ್ರಯೋಗಕ್ಕಾಗಿ ಕೊಂಡರೆ ಕೊಳ್ಳಲಿ, ಕಲಿಯುವ ಮಕ್ಕಳಿಗೆ ಇದು ಬೇಡ.

ಮೂರನೆಯ ಹೆಜ್ಜೆ: ರಾಡ್, ರೋಲರ್ ಅಥವಾ ಬಾಗುವ ಗಾರ್ಡ್

ಪಾಲಕರು ಕೇಳುವ ಪ್ರಶ್ನೆಗೆ ಈಗ ಬರುತ್ತೇನೆ. ನೇರ ರಾಡ್ ಮತ್ತು ಸ್ಲೈಡ್ ಅತ್ಯಂತ ಹಳೆಯ, ಅತ್ಯಂತ ಸರಳ ವ್ಯವಸ್ಥೆ. ಸ್ಲೈಡ್ ಸವೆದರೆ ಅಗ್ಗದಲ್ಲಿ ಬದಲಾಯಿಸಬಹುದು. ರಾಡ್ ಡೊಂಕಾಗಿದ್ದು ತಿರುಗಿಸಲು ಬರುವಂತಿದ್ದರೆ ಕೇಬಲ್ ಎಷ್ಟು ಪಕ್ಕಕ್ಕೆ ಸರಿಯಬೇಕು ಎಂಬುದನ್ನು ನಾವೇ ನಿರ್ಧರಿಸಬಹುದು. ಇದು ರೋಲರ್ ಇರುವ ಅನೇಕ ಬಿಲ್ಲುಗಳಲ್ಲಿ ಸಿಗದ ಸ್ವಾತಂತ್ರ್ಯ. ಎದುರಾಗುವ ಕೊರತೆ ಘರ್ಷಣೆಯದು. ಎಳೆಯುವಾಗ ತುಸು ಬಿಗಿ ಎನಿಸುತ್ತದೆ, ಸ್ಲೈಡ್ ಹಿಡಿದ ಜಾಗದಲ್ಲಿ ಕೇಬಲಿನ ಸರ್ವಿಂಗ್ (ಎಳೆಗಳನ್ನು ಕಾಯಲು ಮೇಲೆ ಸುತ್ತಿದ ನೂಲು) ಸವೆಯುತ್ತದೆ.

ರೋಲರ್ ಗಾರ್ಡ್ ಎಳೆತವನ್ನು ನುಣುಪಾಗಿಸುತ್ತದೆ. ಹೊಸ ಬಿಲ್ಲನ್ನು ಅಂಗಡಿಯಲ್ಲಿ ಎಳೆದು ನೋಡುವವರು ಮಾರುಹೋಗುವುದು ಈ ನುಣುಪಿಗೇ. ಆದರೆ ನಮ್ಮ ಎರೆಮಣ್ಣಿನ ಮೈದಾನಗಳನ್ನು ನೆನಪಿಡಿ. ಬೇಸಿಗೆಯಲ್ಲಿ ಏಳುವ ಸಣ್ಣ ಧೂಳು ಗಾಲಿಯ ತೋಡಿನಲ್ಲಿ ಮೇಣದ ಜೊತೆ ಸೇರಿ ಅಂಟು ಕಟ್ಟುತ್ತದೆ, ಬೇರಿಂಗ್ ಒಳಗೂ ಹೊಗುತ್ತದೆ. ಎರಡು ಗಾಲಿಗಳಲ್ಲಿ ಒಂದು ಹಿಡಿದುಕೊಂಡರೆ ಕೇಬಲ್ ಅದರ ಮೇಲೆ ಉರುಳುವ ಬದಲು ಉಜ್ಜಿಕೊಂಡು ಹೋಗುತ್ತದೆ, ಸರ್ವಿಂಗ್ ಒಂದೇ ಕಡೆ ಬೇಗ ಹರಿಯುತ್ತದೆ. ವಾರಕ್ಕೊಮ್ಮೆ ಬಿಲ್ಲನ್ನು ನಿಧಾನವಾಗಿ ಎಳೆದು ಇಳಿಸುವಾಗ ಜೊತೆಗಾರರೊಬ್ಬರು ಪಕ್ಕದಲ್ಲಿ ನಿಂತು ಎರಡೂ ಗಾಲಿಗಳು ತಿರುಗುತ್ತಿವೆಯೇ ಎಂದು ನೋಡಬೇಕು. ಗಾಲಿಯ ಮೇಲೆ ಒಂದು ಚುಕ್ಕೆ ಇಟ್ಟರೆ ನೋಡುವುದು ಸುಲಭ. ಎಣ್ಣೆ ಹಾಕಬೇಡಿ, ಧೂಳಿಗೆ ಅದೇ ಆಹ್ವಾನ. ಒಣ ಬಟ್ಟೆ ಮತ್ತು ಮೆತ್ತನೆಯ ಬ್ರಶ್ ಸಾಕು.

ಬಾಗುವ ಗಾರ್ಡ್ ಈ ಮೂರರಲ್ಲಿ ಹೆಚ್ಚು ಜಾಣ ಉಪಾಯ. ಬೌಟೆಕ್ ಮತ್ತು ಪಿ.ಎಸ್.ಇ. ಸಂಸ್ಥೆಗಳ ಹಲವು ಮಾದರಿಗಳಲ್ಲಿ ಇದರ ಬೇರೆ ಬೇರೆ ರೂಪಗಳಿವೆ. ಹೆದೆ ಎಳೆದಂತೆ, ಕೇಬಲ್‌ಗಳ ಬಿಗಿ ಹೆಚ್ಚಿದಂತೆ, ತೋಳು ನಡುಗೆರೆಯ ಕಡೆಗೆ ಬಾಗುತ್ತದೆ. ಹೊರೆ ಅತಿ ಹೆಚ್ಚಾಗಿರುವ ಪೂರ್ಣ ಎಳೆತದಲ್ಲಿಯೇ ಪಕ್ಕದ ಸೆಳೆತ ಕಡಿಮೆಯಾಗುವುದರಿಂದ ರೈಸರ್ ಅಂಗೈಯಲ್ಲಿ ತಿರುಚುವುದು ತಗ್ಗುತ್ತದೆ. ಹಿಡಿತ ಇನ್ನೂ ಪಳಗದ ಬಿಲ್ಲುಗಾರನಿಗೆ ಇದರ ಲಾಭ ಸ್ಪಷ್ಟವಾಗಿ ಕಾಣುತ್ತದೆ. ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ. ಬಾಣ ಹೊರಡುವಾಗ ಆ ತೋಳು ಮತ್ತೆ ಹೊರಕ್ಕೆ ಬಂದು ವೇನ್‌ಗೆ ದಾರಿ ಬಿಡಬೇಕು, ಹೀಗಾಗಿ ಕೀಲು ಸವೆದ ಅಥವಾ ಧೂಳಿನಿಂದ ಬಿಗಿಯಾದ ಗಾರ್ಡ್‌ನಲ್ಲಿ ವೇನ್ ಕೇಬಲಿಗೆ ತಾಗುವ ಅಪಾಯವಿದೆ.

ಹಾಗಾದರೆ ಯಾವುದು? ಹದಿಮೂರು ಹದಿನಾಲ್ಕು ವಯಸ್ಸಿನ, ಈಗಷ್ಟೇ ಕಾಂಪೌಂಡ್ ಹಿಡಿದ ಹುಡುಗ ಹುಡುಗಿಯರಿಗೆ ತಿರುಗಿಸಬಲ್ಲ ರಾಡ್ ಇರುವ ಬಿಲ್ಲು ಸಾಕು, ಸಾಕು ಎನ್ನುವುದಕ್ಕಿಂತ ಒಳ್ಳೆಯದೇ. ಸ್ಪರ್ಧೆಗೆ ಇಳಿದವರು ಬಾಗುವ ಗಾರ್ಡ್ ನೋಡಲಿ. ರೋಲರ್ ಇರುವ ಬಿಲ್ಲು ಬೇರೆಲ್ಲ ರೀತಿಯಲ್ಲಿ ಹೊಂದಿದರೆ ತೆಗೆದುಕೊಳ್ಳಬಹುದು, ರೋಲರಿಗಾಗಿಯೇ ಹೆಚ್ಚು ಹಣ ಕೊಡಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಹೊಂದಿಸುವ ಕ್ರಮ

ಬಿಲ್ಲು ಕೈಗೆ ಬಂದ ಮೇಲೆ ಕೆಲಸದ ಕ್ರಮ ಬಹಳ ಮುಖ್ಯ. ಗಾರ್ಡ್ ಮೊದಲು, ಕ್ಯಾಮ್‌ಗಳ ಹೊಂದಾಣಿಕೆ ಎರಡನೆಯದು, ಕ್ಯಾಮ್ ವಾಲಿಕೆ ಮೂರನೆಯದು, ರೆಸ್ಟ್ (ಬಾಣ ಕೂರುವ ಆಸರೆ) ಕೊನೆಯದು. ಈ ಕ್ರಮ ತಪ್ಪಿದರೆ ಒಂದನ್ನು ತಿದ್ದಿದಾಗ ಇನ್ನೊಂದು ಕೆಡುತ್ತದೆ, ದಿನವಿಡೀ ಸುತ್ತಿದರೂ ಕೆಲಸ ಮುಗಿಯುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮುನ್ನ ಎರಡು ಎಚ್ಚರಿಕೆಗಳು. ಬಾಣವಿಲ್ಲದೆ ಹೆದೆಯನ್ನು ಎಂದೂ ಬಿಡಬಾರದು. ಲಿಂಬ್ ಸೀಳುತ್ತದೆ, ಕೇಬಲ್ ಹಳಿ ತಪ್ಪುತ್ತದೆ, ಮುಖಕ್ಕೆ ಪೆಟ್ಟಾಗಬಹುದು. ಕೇಬಲ್ ಬಿಚ್ಚುವ ಯಾವ ಕೆಲಸವನ್ನೂ ಸರಿಯಾದ ಬೋ ಪ್ರೆಸ್ ಇಲ್ಲದೆ ಮಾಡಬಾರದು. ವರ್ಕ್‌ಶಾಪಿನ ವೈಸ್‌ಗೆ ಸಿಕ್ಕಿಸಿ, ಹಗ್ಗ ಕಟ್ಟಿ, ಇಬ್ಬರು ಒತ್ತಿ ಹಿಡಿದು ಮಾಡುವ ಉಪಾಯಗಳು ಜೀವಕ್ಕೆ ಅಪಾಯ. ಎಲ್ಲ ಪ್ರೆಸ್‌ಗಳೂ ಎಲ್ಲ ಬಿಲ್ಲುಗಳಿಗೆ ಹೊಂದುವುದಿಲ್ಲ, ಲಿಂಬ್‌ಗಳು ತೀರ ಬಾಗಿರುವ ಹೊಸ ಬಿಲ್ಲುಗಳಿಗೆ ತುದಿಯನ್ನು ಹಿಡಿಯುವ ಬೆರಳುಗಳಿರುವ ಪ್ರೆಸ್ಸೇ ಬೇಕು. ಕಲಬುರಗಿ, ಬೀದರ್, ಯಾದಗಿರಿಯ ಬಿಲ್ಲುಗಾರರ ಕುಟುಂಬಗಳು ಕೂಡಿ ಒಂದು ಒಳ್ಳೆಯ ಪ್ರೆಸ್ ಕೊಂಡು, ಅದನ್ನು ಬಳಸಲು ಒಬ್ಬರೋ ಇಬ್ಬರೋ ಶ್ರದ್ಧೆಯಿಂದ ಕಲಿತರೆ ಎಲ್ಲರ ಬಿಲ್ಲಿಗೂ ಅನುಕೂಲವಾಗುತ್ತದೆ ಎಂದು ನಾನು ಬಹಳ ಜನರಿಗೆ ಹೇಳುತ್ತ ಬಂದಿದ್ದೇನೆ.

ಗಾರ್ಡ್ ಹೊಂದಿಸುವುದು ಹೀಗೆ. ತಿರುಗುವ ರಾಡ್ ಇದ್ದರೆ ಅದರ ತಿರುಪನ್ನು ಸಡಿಲಿಸಿ ಕೇಬಲ್‌ಗಳನ್ನು ಸ್ವಲ್ಪ ಸ್ವಲ್ಪವೇ ನಡುಗೆರೆಯ ಕಡೆಗೆ ತನ್ನಿ. ಬಾಣವನ್ನು ರೆಸ್ಟ್ ಮೇಲಿಟ್ಟು ನೋಡಿದಾಗ ವೇನ್‌ಗೂ ಕೇಬಲಿಗೂ ಸುಮಾರು 3 ಮಿಲಿಮೀಟರ್ ಅಂತರ ಉಳಿದರೆ ಅಲ್ಲಿಗೆ ನಿಲ್ಲಿಸಿ. ವೇನ್‌ಗಳಿಗೆ ಟಾಲ್ಕಂ ಪೌಡರ್ ಹಚ್ಚಿ ಹತ್ತಿರದಿಂದ ಒಂದು ಬಾಣ ಹೊಡೆದು ಕೇಬಲ್ ಮೇಲೆ ಬಿಳಿ ಗುರುತು ಬಿದ್ದಿದೆಯೇ ಪರೀಕ್ಷಿಸಿ. ಬಿದ್ದಿದ್ದರೆ ನಾಕ್ (ಹೆದೆಗೆ ಸಿಕ್ಕುವ ಬಾಣದ ಹಿಂತುದಿ) ತಿರುಗಿಸಿ ನೋಡಿ, ಅದರಿಂದಲೂ ಆಗದಿದ್ದರೆ ಮಾತ್ರ ಕೇಬಲನ್ನು ಮತ್ತೆ ಪಕ್ಕಕ್ಕೆ ತಳ್ಳಿ. ಬೇಕಾದಷ್ಟೇ ಅಂತರ, ಅದಕ್ಕಿಂತ ಒಂದು ಎಳೆಯೂ ಹೆಚ್ಚು ಬೇಡ.

ಕ್ಯಾಮ್‌ಗಳ ಹೊಂದಾಣಿಕೆಗೆ ಡ್ರಾ ಬೋರ್ಡ್ ಬೇಕು: ಗಟ್ಟಿಯಾದ ಮರದ ಹಲಗೆ, ಬಿಲ್ಲಿನ ಹಿಡಿಯನ್ನು ತಡೆಯುವ ಗೂಟ, ಹೆದೆಯನ್ನು ನಿಧಾನವಾಗಿ ಎಳೆಯುವ ಕೈವಿಂಚ್. ಬಿಲ್ಲನ್ನು ಅದರ ಮೇಲೆ ಪೂರ್ತಿ ಎಳೆದು ಎರಡೂ ಕ್ಯಾಮ್‌ಗಳ ತಡೆಗೂಟಗಳು (ಎಳೆತ ಮುಗಿದಾಗ ಕ್ಯಾಮನ್ನು ನಿಲ್ಲಿಸುವ ಗೂಟಗಳು) ಒಂದೇ ಕ್ಷಣಕ್ಕೆ ತಾಗುತ್ತವೆಯೇ ನೋಡಿ. ಜೋಡಿ ಕ್ಯಾಮ್ ಬಿಲ್ಲಿನಲ್ಲಿ ಯಾವ ಕ್ಯಾಮ್ ಮೊದಲು ತಾಗುತ್ತದೆಯೋ ಆ ಕ್ಯಾಮ್‌ಗೆ ಸುತ್ತಿಕೊಳ್ಳುವ ಕೇಬಲಿಗೆ ಅರ್ಧ ಸುತ್ತು ಹುರಿ ಸೇರಿಸಿ. ಕೇಬಲ್ ಗಿಡ್ಡವಾದಾಗ ಆ ಕ್ಯಾಮ್ ತುಸು ಹಿಂದಕ್ಕೆ ತಿರುಗಿ ತಡವಾಗಿ ತಾಗುತ್ತದೆ. ಹುರಿ ಸೇರಿಸಿದರೆ ಅಚ್ಚುಗಳ ದೂರ ಕಡಿಮೆಯಾಗಿ ಸೆಳೆತದ ತೂಕ ಏರುವುದರಿಂದ ತಕ್ಕಡಿಯಲ್ಲಿ ಮತ್ತೆ ತೂಗಲೇಬೇಕು. 60 ಪೌಂಡಿನ ಮಿತಿಯನ್ನು ಅರಿವಿಲ್ಲದೆ ದಾಟಿದ ಬಿಲ್ಲು ಸ್ಪರ್ಧೆಯ ಸಲಕರಣೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ವಾಲಿಕೆ ನೋಡಲು ಒಂದು ನೆಟ್ಟನೆಯ ಬಾಣವನ್ನು ಕ್ಯಾಮ್‌ನ ಚಪ್ಪಟೆ ಬದಿಗೆ ಒತ್ತಿ ಹಿಡಿದು, ಅದು ಹೆದೆಗೆ ಸಮಾನಾಂತರವಾಗಿ ಸಾಗುತ್ತದೆಯೇ ಎಂದು ಹಿಂದಿನಿಂದ ನೋಡಿ. ಸುಮ್ಮನೆ ನಿಂತ ಬಿಲ್ಲಿನಲ್ಲಿ ಕ್ಯಾಮ್ ತುಸು ವಾಲಿರುವುದು ದೋಷವಲ್ಲ, ಹಲವು ಬಿಲ್ಲುಗಳು ಎಳೆದಾಗ ನೆಟ್ಟಗಾಗಲೆಂದೇ ಮೊದಲು ವಾಲಿರುತ್ತವೆ. ಕೊನೆಯ ತೀರ್ಪು ಕೊಡುವುದು ಕಾಗದದ ಪರೀಕ್ಷೆ. ಹಳೆಯ ದಿನಪತ್ರಿಕೆಯ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಸುಮಾರು 2 ಮೀಟರ್ ದೂರದಿಂದ ಅದರ ಮೂಲಕ ಬಾಣ ಹೊಡೆಯಿರಿ. ಬಾಣದ ಮೊನೆಯ ತೂತಿಗೂ ವೇನ್‌ಗಳ ಸೀಳಿಗೂ ನಡುವೆ ಅಂತರ ಕಾಣದಿದ್ದರೆ ಸರಿ. ವೇನ್‌ಗಳ ಸೀಳು ಮೊನೆಯ ಎಡಕ್ಕೆ ಬಿದ್ದರೆ, ಬಲಗೈ ಬಿಲ್ಲುಗಾರರು ಯೋಕ್‌ನ ಎಡಗಾಲಿಗೆ ಅರ್ಧ ಸುತ್ತು ಹುರಿ ಸೇರಿಸಿ ಬಲಗಾಲಿನಿಂದ ಅಷ್ಟೇ ಬಿಚ್ಚಬೇಕು. ಬಲಕ್ಕೆ ಬಿದ್ದರೆ ಇದಕ್ಕೆ ವಿರುದ್ಧ. ಒಂದು ಬಾರಿಗೆ ಅರ್ಧ ಸುತ್ತು ಮಾತ್ರ, ಪ್ರತಿ ಬಾರಿಯೂ ಕನಿಷ್ಠ ಮೂರು ಬಾಣಗಳ ಗುರುತು ನೋಡಿ ಮುಂದುವರಿಯಿರಿ, ಏಕೆಂದರೆ ಹಿಡಿತ ತಿರುಚಿದಾಗಲೂ ಕಾಗದದಲ್ಲಿ ಇಂಥದೇ ಸೀಳು ಬೀಳುತ್ತದೆ. ಅದೇ ಬಿಲ್ಲನ್ನು ಪಳಗಿದ ಇನ್ನೊಬ್ಬರಿಂದ ಹೊಡೆಸಿದಾಗ ಸೀಳು ಮಾಯವಾದರೆ ತಿದ್ದಬೇಕಾದುದು ಕೈ, ಕೇಬಲ್ ಅಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿದ ಕೂದಲೆಳೆಯಷ್ಟು ವ್ಯತ್ಯಾಸವನ್ನು ರೆಸ್ಟ್ ಸರಿಸಿ ನಿವಾರಿಸಬಹುದು. ಮೊದಲೇ ರೆಸ್ಟ್ ಸರಿಸುತ್ತ ಹೋದವರ ಬಿಲ್ಲಿನಲ್ಲಿ ಬಾಣ ನಡುಗೆರೆಯಿಂದ ದೂರ ಸರಿದು, 20 ಮೀಟರಿಗೆ ಹೊಂದಿಸಿದ ಸೈಟ್ (ಗುರಿ ನೋಡುವ ಸಾಧನ) 50 ಮೀಟರಿನಲ್ಲಿ ಪಕ್ಕಕ್ಕೆ ಹೊಡೆಯುತ್ತದೆ.

ಐದನೆಯ ಹೆಜ್ಜೆ: ಬೇಸಿಗೆಯಲ್ಲಿ ಕೇಬಲ್ ಕಾಯುವುದು

ಇಂದಿನ ಕೇಬಲ್‌ಗಳ ಮುಖ್ಯ ನಾರು ಡೈನೀಮಾ, ಅಂದರೆ ಅತಿ ಉದ್ದ ಸರಪಳಿಯ ಪಾಲಿಎಥಿಲೀನ್. ಇದು ತೂಕಕ್ಕೆ ಹೋಲಿಸಿದರೆ ಅಸಾಧಾರಣ ಬಲಶಾಲಿ; ಆದರೆ ಹೊರೆಯ ಕೆಳಗೆ ನಿಧಾನವಾಗಿ ಉದ್ದವಾಗುವ ಸ್ವಭಾವವಿದೆ, ಬಿಸಿ ಹೆಚ್ಚಿದಷ್ಟೂ ಆ ಸ್ವಭಾವವೂ ಹೆಚ್ಚುತ್ತದೆ. ಇದನ್ನು ತಡೆಯಲು ವೆಕ್ಟ್ರಾನ್ ಎಂಬ, ಹಿಗ್ಗದ ಇನ್ನೊಂದು ನಾರನ್ನು ಬೆರೆಸುತ್ತಾರೆ. ಬಿ.ಸಿ.ವೈ. ಸಂಸ್ಥೆಯ 452ಎಕ್ಸ್ ನೂಲಿನಲ್ಲಿ ವೆಕ್ಟ್ರಾನ್ ಸುಮಾರು ಮೂರನೇ ಒಂದು ಪಾಲು. ಅದೇ ಸಂಸ್ಥೆಯ ಬಿ.ಸಿ.ವೈ.-ಎಕ್ಸ್ ನೂಲಿನಲ್ಲಿ ಅದು 17 ಶೇಕಡಾ, ಉಳಿದದ್ದು ಡೈನೀಮಾ. ಎರಡನೆಯದು ವೇಗಕ್ಕೂ ಬಾಳಿಕೆಗೂ ಹೆಸರಾಗಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಪಾದರಸ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅಭ್ಯಾಸ ಮಾಡುವವರಿಗೆ, ಸೆಕೆಂಡಿಗೆ ಒಂದೆರಡು ಅಡಿ ವೇಗ ಬಿಟ್ಟುಕೊಟ್ಟಾದರೂ, ವೆಕ್ಟ್ರಾನ್ ಹೆಚ್ಚಿರುವ ನೂಲಿನ ಕೇಬಲ್ ಹಾಕಿಸಿ ಎಂಬುದು ನನ್ನ ಸಲಹೆ. ಹೆದೆ ಬೇರೆ ನೂಲಿನದಾಗಿದ್ದರೂ ಅಡ್ಡಿಯಿಲ್ಲ, ಪೂರ್ಣ ಎಳೆತದ ಹೊರೆ ಹೊರುವುದು ಕೇಬಲ್ ಆದ್ದರಿಂದ ಹಿಗ್ಗಬಾರದ ಗುಣ ಅದಕ್ಕೆ ಹೆಚ್ಚು ಬೇಕು.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಶಾಖ 60 ಡಿಗ್ರಿ ಮೀರುತ್ತದೆ. ಡೈನೀಮಾ ಕರಗುವುದು ಸುಮಾರು 145 ಡಿಗ್ರಿಯಲ್ಲಾದರೂ ಅದಕ್ಕಿಂತ ಬಹಳ ಮೊದಲೇ, 70 ಡಿಗ್ರಿಯ ಆಸುಪಾಸಿನಲ್ಲಿಯೇ ಅದರ ಗುಣ ಕುಗ್ಗತೊಡಗುತ್ತದೆ. ಬಿಲ್ಲನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ, ತಗಡಿನ ಮಾಳಿಗೆಯ ಕೋಣೆಯಲ್ಲಿ ಇಡಬೇಡಿ. ಫರಸಿ ಹಾಸಿದ ನೆಲದ ಒಳಕೋಣೆ, ನೇರ ಬಿಸಿಲು ಬೀಳದ ಗೋಡೆ, ಇವು ಸರಿಯಾದ ಜಾಗಗಳು. ಬೇಸಿಗೆಯ ಅಭ್ಯಾಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿದರೆ ಬಿಲ್ಲಿಗೂ ಒಳಿತು, ಮಕ್ಕಳಿಗೂ ಒಳಿತು. ಬೀದರ್ ಕಡೆಯವರಿಗೆ ಎತ್ತರದ ಕಾರಣ ಈ ಬಾಧೆ ತುಸು ಕಡಿಮೆ.

ಹೆದೆಗೂ ಕೇಬಲಿಗೂ ಬಿಲ್ಲಿನ ಮೇಣವನ್ನು ತೆಳ್ಳಗೆ ಹಚ್ಚಿ, ಬೆರಳಿನಿಂದ ತಿಕ್ಕಿ ಒಳಕ್ಕೆ ಇಳಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಸ್ಲೈಡ್ ಅಥವಾ ರೋಲರ್ ತಾಗುವ ಸರ್ವಿಂಗ್ ಭಾಗಕ್ಕೆ ಮೇಣ ಬೇಡ. ಕೇಬಲ್ ಹೊಸದಾದಾಗ ಮೊದಲ ಕೆಲವು ನೂರು ಹೊಡೆತಗಳ ತನಕ ಕ್ಯಾಮ್ ಮೇಲಿನ ಮಾರ್ಕರ್ ಗೆರೆಯನ್ನು ಪ್ರತಿ ದಿನ ನೋಡಿ. ಆಮೇಲೆ ವಾರಕ್ಕೊಮ್ಮೆ ಸಾಕು. ಗೆರೆಯಿಂದ ಕೇಬಲ್ ಸರಿದಿದ್ದರೆ ನಾಲ್ಕನೆಯ ಹೆಜ್ಜೆಗೆ ಮರಳಬೇಕು, ಸೈಟ್ ತಿರುಗಿಸಿ ಮುಚ್ಚಿಹಾಕಬಾರದು.

ಆರನೆಯ ಹೆಜ್ಜೆ: ಹೊಸ ಕೇಬಲ್ ತರಿಸುವುದು

ಒಂದು ಎಳೆ ಹರಿದಿದ್ದರೂ, ಸರ್ವಿಂಗ್ ಬಿಚ್ಚಿ ಒಳಗಿನ ನೂಲು ಕಂಡರೂ ಬಿಲ್ಲನ್ನು ಎಳೆಯಬೇಡಿ. ಎಳೆಗಳ ಮೇಲೆ ನಯವಾದ ತುಪ್ಪುಳು ಎದ್ದಿದ್ದರೆ ಮೇಣ ಹಚ್ಚಿ ಕಾದು ನೋಡಬಹುದು. ತರಿಸುವಾಗ ಎರಡು ಕೇಬಲ್ ಮತ್ತು ಹೆದೆಯನ್ನು ಒಟ್ಟಿಗೇ ತರಿಸಿ, ಹಳೆಯದರ ಜೊತೆ ಹೊಸದು ಸೇರಿದರೆ ಹಿಗ್ಗುವ ಪ್ರಮಾಣ ಬೇರೆ ಬೇರೆಯಾಗಿ ಹೊಂದಾಣಿಕೆ ನಿಲ್ಲುವುದಿಲ್ಲ. ಮಾದರಿಯ ಹೆಸರು, ತಯಾರಾದ ವರ್ಷ, ಕ್ಯಾಮ್ ಅಳತೆ, ಲಿಂಬ್ ಮೇಲಿನ ಚೀಟಿಯಲ್ಲಿ ಬರೆದ ಹೆದೆ ಮತ್ತು ಕೇಬಲಿನ ಉದ್ದ, ಎಳೆಗಳ ಸಂಖ್ಯೆ, ಯೋಕ್ ಸ್ಥಿರವೋ ತೇಲುವುದೋ ಎಂಬುದು, ಇವಿಷ್ಟನ್ನೂ ಬರೆದು ಕಳಿಸಿ. ಎಳೆಗಳ ಸಂಖ್ಯೆ ಸಾಮಾನ್ಯವಾಗಿ 24ರ ಆಸುಪಾಸಿನಲ್ಲಿ ಇರುತ್ತದೆ. ಅದನ್ನು ಮನಸ್ಸಿಗೆ ಬಂದಂತೆ ಹೆಚ್ಚಿಸಿದರೆ ಕೇಬಲ್ ಕ್ಯಾಮ್ ತೋಡಿನಲ್ಲಿ, ರೋಲರ್ ಗಾಲಿಯಲ್ಲಿ ಕೂರುವುದಿಲ್ಲ.

ಹಳೆಯ ಕೇಬಲನ್ನು ಬಿಚ್ಚಿದ ಕೂಡಲೇ ಎಸೆಯಬೇಡಿ. ಹೊಸದರ ಪಕ್ಕದಲ್ಲಿ ಬಿಗಿಯಾಗಿ ಹಿಡಿದು ಯೋಕ್ ಎಲ್ಲಿ ಕವಲೊಡೆಯುತ್ತದೆ, ಸರ್ವಿಂಗ್ ಎಲ್ಲಿ ಶುರುವಾಗುತ್ತದೆ ಎಂದು ಹೋಲಿಸಿ ನೋಡಿ. ಸ್ಲೈಡ್ ಓಡುವ ಜಾಗದಲ್ಲಿ ಸರ್ವಿಂಗ್ ಇಲ್ಲದ ಕೇಬಲ್ ಬಂದಿದ್ದರೆ ಅದನ್ನು ಬಿಲ್ಲಿಗೆ ಹಾಕದೆ ಹಿಂದಕ್ಕೆ ಕಳಿಸಿ. ಹೊಸ ಜೋಡಿಯನ್ನು ಹಾಕಿ, ಕ್ಯಾಮ್ ಗೆರೆಗಳಿಗೆ ಸರಿಹೊಂದಿಸಿ, ನೂರಿನ್ನೂರು ಬಾಣ ಹೊಡೆದ ನಂತರ ಮತ್ತೊಮ್ಮೆ ಹೊಂದಿಸಿ, ಆಗ ಸಿಕ್ಕ ಅಳತೆಗಳನ್ನು ನೋಟುಪುಸ್ತಕದ ಹೊಸ ಪುಟದಲ್ಲಿ ದಿನಾಂಕ ಸಮೇತ ಬರೆಯಿರಿ. ಮುಖ್ಯ ಸ್ಪರ್ಧೆಗೆ ಮೂರು ವಾರಗಳಿಗಿಂತ ಕಡಿಮೆ ಸಮಯ ಉಳಿದಿದ್ದರೆ, ಹಳೆಯ ಕೇಬಲ್ ಸುಸ್ಥಿತಿಯಲ್ಲಿದ್ದ ಪಕ್ಷದಲ್ಲಿ, ಈ ಬದಲಾವಣೆಯನ್ನು ಸ್ಪರ್ಧೆಯ ನಂತರಕ್ಕೆ ಮುಂದೂಡಿ.